ನಾಲಿಗೆ ಹೇಳಿದ ಊರು: ಕಾನ್ರಾಡ್ ಫೈಟ್‌ನ ಮುಖ, ಮಾತು, ವಲಸೆ

1942ರ ಹಾಲಿವುಡ್ ಚಿತ್ರ ‘ಕಾಸಾಬ್ಲಾಂಕಾ’ದಲ್ಲಿ ಒಂದು ಹಾಡಿನ ಜಗಳ ಬರುತ್ತದೆ. ರಿಕ್‌ನ ಹೋಟೆಲಿನಲ್ಲಿ ಪಿಯಾನೋದ ಸುತ್ತ ನಿಂತ ನಾಜಿ ಅಧಿಕಾರಿಗಳು ರೈನ್ ನದಿಯ ಕಾವಲಿನ ಹಾಡನ್ನು ಎದೆಯುಬ್ಬಿಸಿ ಹಾಡುತ್ತಿರುತ್ತಾರೆ. ಅದನ್ನು ಕೇಳಿ ಸಹಿಸಲಾಗದ ಹೋರಾಟಗಾರನೊಬ್ಬ ನೇರವಾಗಿ ವಾದ್ಯಗಾರರ ಬಳಿ ಹೋಗಿ, ಫ್ರಾನ್ಸಿನ ರಾಷ್ಟ್ರಗೀತೆ ನುಡಿಸಿ ಎನ್ನುತ್ತಾನೆ. ವಾದ್ಯದವರು ಮಾಲೀಕನ ಮುಖ ನೋಡುತ್ತಾರೆ. ಮಾಲೀಕ ಸಣ್ಣಗೆ ತಲೆಯಾಡಿಸುತ್ತಾನೆ. ಆಮೇಲೆ ಇಡೀ ಹೋಟೆಲು ಎದ್ದು ನಿಂತು ಹಾಡುತ್ತದೆ. ನಾಜಿಗಳ ದನಿ ಸ್ವಲ್ಪ ಹೊತ್ತು ಪೈಪೋಟಿ ನಡೆಸಿ ಅದರಲ್ಲಿ ಮುಳುಗಿಹೋಗುತ್ತದೆ. ಅವರ ಮುಂದಾಳು ಮೇಜರ್ ಸ್ಟ್ರಾಸರ್ ಸೋತು ಸುಮ್ಮನಾಗುತ್ತಾನೆ, ಮರುಗಳಿಗೆಯಲ್ಲೇ ಹೋಟೆಲಿಗೆ ಬೀಗ ಹಾಕಿಸುತ್ತಾನೆ.

ಈ ದೃಶ್ಯವನ್ನು ಮೊದಲ ಸಲ ನೋಡುವವರಿಗೆ ಕಣ್ಣು ಒದ್ದೆಯಾಗುವುದು ಹಾಡಿನಿಂದ. ಎರಡನೆಯ ಸಲ ನೋಡುವಾಗ ನಟರ ಊರುಗಳನ್ನು ತಿಳಿದುಕೊಂಡು ನೋಡಬೇಕು. ರಾಷ್ಟ್ರಗೀತೆಗೆ ದನಿ ಎತ್ತಿಸಿದ ಪಾಲ್ ಹೆನ್‌ರೈಡ್ ಆಸ್ಟ್ರಿಯಾದವನು, ದೇಶ ಬಿಟ್ಟವನು. ಹಾಡುತ್ತಾ ಅಳುವ ಹುಡುಗಿ ಮಾದ್ಲೇನ್ ಲೆಬೋ ಫ್ರಾನ್ಸಿನಿಂದ ತಪ್ಪಿಸಿಕೊಂಡು ಬಂದವಳು. ಹೋಟೆಲಿನ ದುಂಡುಮುಖದ ಪರಿಚಾರಕ ಸಕಾಲ್ ಹಂಗೆರಿಯ ಯಹೂದಿ. ಇವರೆಲ್ಲ ಹಿಟ್ಲರನ ಕಾಟಕ್ಕೆ ಮನೆಮಠ ಬಿಟ್ಟವರು. ವಿಚಿತ್ರವೆಂದರೆ, ಎದುರು ಗುಂಪಿನ ನಾಯಕ ಸ್ಟ್ರಾಸರ್‌ನ ವೇಷದಲ್ಲಿರುವವನೂ ಅದೇ ಕಾರಣಕ್ಕೆ ಬರ್ಲಿನ್ ಬಿಟ್ಟವನೇ. ಹೆಸರು ಕಾನ್ರಾಡ್ ಫೈಟ್. ಇಂಗ್ಲಿಷ್ ಅಕ್ಷರಗಳನ್ನು ನೋಡಿ ಹಲವರು ‘ವೀಡ್ಟ್’ ಎಂದು ಓದುತ್ತಾರೆ. ಜರ್ಮನರ ಬಾಯಲ್ಲಿ ಅದು ಫೈಟ್. ಕನ್ನಡದಲ್ಲಿ ಬರೆದರೆ ಹೊಡೆದಾಟದ ದೃಶ್ಯದಂತೆ ಕಾಣುತ್ತದೆ, ಏನು ಮಾಡುವುದು!

ನಾಜಿಗಳನ್ನು ದ್ವೇಷಿಸಿ ದೇಶ ಬಿಟ್ಟವನು ನಾಜಿಯ ಮುಖವಾಗಿಯೇ ಜಗತ್ತಿನ ನೆನಪಿನಲ್ಲಿ ಉಳಿದದ್ದು ಹೇಗೆ? ‘ವಿಧಿಯ ಆಟ’ ಎಂದು ಕೈತೊಳೆದುಕೊಳ್ಳಬಹುದು. ಆದರೆ ಇದಕ್ಕೆ ವಿಧಿಗಿಂತ ಸರಳವಾದ ಕಾರಣವಿದೆ, ಅದು ಸಿನಿಮಾಕ್ಕೆ ಮಾತು ಬಂದದ್ದು. ಎರಡು ಮಾತು ಆಡುವಷ್ಟರಲ್ಲಿ ‘ನಿಮ್ಮದು ಯಾವ ಕಡೆ?’ ಎಂದು ಕೇಳುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಖ ಊರು ಹೇಳುವುದಿಲ್ಲ, ನಾಲಿಗೆ ಹೇಳಿಬಿಡುತ್ತದೆ. ಫೈಟ್‌ನ ಬದುಕಿನ ಮೊದಲರ್ಧ ಮುಖದ್ದು, ಉಳಿದರ್ಧ ನಾಲಿಗೆಯದು.

ಹುಟ್ಟಿದ್ದು 1893ರ ಜನವರಿ 22ರಂದು, ಬರ್ಲಿನ್‌ನಲ್ಲಿ. ತಂದೆ ಸೈನ್ಯದಲ್ಲಿದ್ದು ಆಮೇಲೆ ಸರ್ಕಾರಿ ನೌಕರಿ ಹಿಡಿದವನು, ಶಿಸ್ತಿನ ಮನುಷ್ಯ. ಮಗ ಓದಿನಲ್ಲಿ ಹಿಂದೆ. ತರಗತಿಯಲ್ಲಿದ್ದ 13 ಮಂದಿಯಲ್ಲಿ 13ನೆಯವನಾಗಿ ಶಾಲೆ ಬಿಟ್ಟ. ಶಸ್ತ್ರಚಿಕಿತ್ಸಕನಾಗುವ ಆಸೆಯೊಂದಿತ್ತು, ಅಂಕಪಟ್ಟಿ ಅದಕ್ಕೆ ಅವಕಾಶ ಕೊಡಲಿಲ್ಲ. ಶಾಲೆಯ ನಾಟಕವೊಂದರಲ್ಲಿ ಅವನಿಗೆ ಪಾತ್ರವಿರಲಿಲ್ಲ, ಪರದೆ ಏಳುವ ಮೊದಲು ಪ್ರಸ್ತಾವನೆಯ ಮಾತುಗಳನ್ನು ಒಪ್ಪಿಸುವ ಕೆಲಸವಷ್ಟೇ. ನಾಟಕ ಕೆಟ್ಟದಾಗಿತ್ತಂತೆ. ನೋಡಿದವರು, ಮೊದಲು ಬಂದ ಹುಡುಗನೇ ನಟಿಸಿದ್ದರೆ ಚೆನ್ನಾಗಿತ್ತು ಎಂದು ಗೊಣಗಿದರಂತೆ. ಇದು ಫೈಟ್ ತಾನೇ ಹೇಳಿಕೊಂಡ ಕಥೆ. ನಟರು ತಮ್ಮ ಆರಂಭದ ಬಗ್ಗೆ ಹೇಳುವ ಕಥೆಗಳಿಗೆ ಸ್ವಲ್ಪ ರಿಯಾಯಿತಿ ಕೊಟ್ಟೇ ಕೇಳಬೇಕು.

ಆ ಕಾಲದ ಬರ್ಲಿನ್‌ನಲ್ಲಿ ನಟನಾಗಬೇಕೆಂದರೆ ದಾರಿ ಒಂದೇ ಕಡೆ ಹೋಗುತ್ತಿತ್ತು. ಅದು ಮ್ಯಾಕ್ಸ್ ರೈನ್‌ಹಾರ್ಟ್ ನಡೆಸುತ್ತಿದ್ದ ಡಾಯ್ಚೆಸ್ ಥಿಯೇಟರ್. ರೈನ್‌ಹಾರ್ಟ್ ಅಂದಿನ ಯುರೋಪಿನ ರಂಗಭೂಮಿಯ ದೊಡ್ಡ ನಿರ್ದೇಶಕ. ಬೆಳಕು, ನೆರಳು, ಗುಂಪು, ಮೌನ ಇವೆಲ್ಲವನ್ನೂ ಮಾತಿನಷ್ಟೇ ಮುಖ್ಯವಾಗಿ ಬಳಸಿದವನು. ಹುಡುಗ ಫೈಟ್ ಆ ರಂಗಮಂದಿರದ ಸುತ್ತ ಸುಳಿದಾಡಿ, ಬಾಗಿಲು ಕಾಯುವವನ ಸ್ನೇಹ ಮಾಡಿಕೊಂಡು, ಅವನ ಮೂಲಕ ಪಾಠ ಹೇಳಿಕೊಡುವ ನಟನೊಬ್ಬನನ್ನು ಹಿಡಿದ. ಕೆಲವು ಪಾಠಗಳಾದ ಮೇಲೆ ರೈನ್‌ಹಾರ್ಟ್‌ನ ಮುಂದೆ ಗಯಟೆಯ ‘ಫೌಸ್ಟ್’ ನಾಟಕದ ಮಾತುಗಳನ್ನು ಒಪ್ಪಿಸಿದ. ದೊಡ್ಡವರು ಅಷ್ಟು ಹೊತ್ತೂ ಕಿಟಕಿಯಾಚೆಗೆ ನೋಡುತ್ತಿದ್ದರು ಎಂದು ಆಮೇಲೆ ನೆನೆಸಿಕೊಂಡಿದ್ದಾನೆ. ಆದರೂ ಕೆಲಸ ಸಿಕ್ಕಿತು. ತಿಂಗಳಿಗೆ 50 ಮಾರ್ಕ್ ಸಂಬಳ, ಈಟಿ ಹಿಡಿದು ನಿಲ್ಲುವಂಥ ಪಾತ್ರಗಳು.

ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಪೂರ್ವದ ರಣರಂಗಕ್ಕೆ ಹೋದ ಫೈಟ್ ಕಾಮಾಲೆ, ನ್ಯುಮೋನಿಯಾ ಎರಡನ್ನೂ ಹಚ್ಚಿಕೊಂಡು ಬಾಲ್ಟಿಕ್ ಕಡಲ ದಂಡೆಯ ಆಸ್ಪತ್ರೆ ಸೇರಿದ. ಗೆಳತಿ ಲೂಸಿ ಮಾನ್‌ಹೈಮ್ ಅಲ್ಲಿಗೆ ಸಮೀಪದ ಲೀಬೌ ಪಟ್ಟಣದಲ್ಲಿ ಸೈನಿಕರ ಮನರಂಜನೆಗಾಗಿ ನಡೆಯುತ್ತಿದ್ದ ರಂಗತಂಡದಲ್ಲಿದ್ದಳು. ಆಕೆಯ ಕಾಗದ ಬಂದ ಮೇಲೆ ಇವನೂ ಅರ್ಜಿ ಹಾಕಿ ಅಲ್ಲಿಗೇ ಸೇರಿಕೊಂಡ. ಕಾಯಿಲೆಯೇ ಅವನನ್ನು ಕಂದಕದಿಂದ ರಂಗಕ್ಕೆ ಎಳೆದು ತಂದದ್ದು. 1917ರ ಆರಂಭದಲ್ಲಿ ಸೈನ್ಯ ಅವನನ್ನು ಬಿಡುಗಡೆ ಮಾಡಿತು, ರೈನ್‌ಹಾರ್ಟ್‌ನ ಬಾಗಿಲು ಮತ್ತೆ ತೆರೆಯಿತು. ಈಗ ಸಿಕ್ಕಿದ್ದು ನಿಜವಾದ ಪಾತ್ರಗಳು. ಹಗಲು ಸಿನಿಮಾ ಚಿತ್ರೀಕರಣ, ರಾತ್ರಿ ನಾಟಕ ಎಂಬ ದಿನಚರಿಯೂ ಆಗಲೇ ಶುರುವಾಯಿತು. ಬರ್ಲಿನ್‌ನ ಸ್ಟುಡಿಯೋಗಳು ಊರಿನ ಅಂಚಿನಲ್ಲೇ ಇದ್ದುದರಿಂದ ಇದು ಅಲ್ಲಿನ ನಟರಿಗೆಲ್ಲ ಸಾಧ್ಯವಿತ್ತು. ಆ ಕಾಲದ ಜರ್ಮನ್ ಸಿನಿಮಾದಲ್ಲಿ ರಂಗಭೂಮಿಯ ವಾಸನೆ ಅಷ್ಟು ದಟ್ಟವಾಗಿರಲು ಇದೂ ಒಂದು ಕಾರಣ.

1919ರಲ್ಲಿ ಬಂದ ‘ಆಂಡರ್ಸ್ ಆಲ್ಸ್ ಡೀ ಆಂಡರ್ನ್’, ಎಂದರೆ ‘ಉಳಿದವರಂತಲ್ಲದವರು’, ಚಿತ್ರವನ್ನು ಹಾಗೇ ದಾಟಿ ಹೋಗುವುದು ತಪ್ಪು. ಗಂಡಸರ ನಡುವಿನ ಪ್ರೇಮವನ್ನು ಅಪರಾಧವೆಂದು ಎಣಿಸುತ್ತಿದ್ದ ಜರ್ಮನ್ ದಂಡಸಂಹಿತೆಯ 175ನೆಯ ಕಲಮಿನ ವಿರುದ್ಧ, ವೈದ್ಯ ಮಾಗ್ನುಸ್ ಹಿರ್ಷ್‌ಫೆಲ್ಡ್ ಜೊತೆಗೂಡಿ ನಿರ್ದೇಶಕ ರಿಚರ್ಡ್ ಓಸ್ವಾಲ್ಡ್ ಮಾಡಿದ ಚಿತ್ರವದು. ಫೈಟ್ ಅದರಲ್ಲಿ ಪಿಟೀಲುವಾದಕ. ಗುಟ್ಟು ಹೊರಹಾಕುತ್ತೇನೆಂದು ಹೆದರಿಸಿ ಹಣ ಕೀಳುವವನ ಕೈಗೆ ಸಿಕ್ಕಿ, ಕೋರ್ಟು ಮೆಟ್ಟಿಲು ಹತ್ತಿ, ಮಾನ ಕಳೆದುಕೊಂಡು ವಿಷ ಕುಡಿಯುತ್ತಾನೆ. ಮೇಲಕ್ಕೆ ಬರುತ್ತಿದ್ದ ನಟನೊಬ್ಬ 1919ರಲ್ಲಿ ಇಂಥ ಪಾತ್ರ ಒಪ್ಪಿಕೊಳ್ಳಲು ಗುಂಡಿಗೆ ಬೇಕಿತ್ತು. ಮರುವರ್ಷವೇ ಅದರ ಸಾರ್ವಜನಿಕ ಪ್ರದರ್ಶನ ನಿಷೇಧವಾಯಿತು. ಈಗ ತುಣುಕುಗಳು ಮಾತ್ರ ಉಳಿದಿವೆ.

ಅವನನ್ನು ಎತ್ತಿ ನಿಲ್ಲಿಸಿದ್ದು ಮಾತ್ರ 1920ರ ಫೆಬ್ರುವರಿಯಲ್ಲಿ ಬರ್ಲಿನ್‌ನ ಮಾರ್ಮೋರ್‌ಹೌಸ್ ಚಿತ್ರಮಂದಿರದಲ್ಲಿ ತೆರೆಕಂಡ ‘ಡಾಕ್ಟರ್ ಕಾಲಿಗಾರಿ’. ರಾಬರ್ಟ್ ವೀನೆ ನಿರ್ದೇಶಿಸಿದ ಈ ಚಿತ್ರದ ಹೆಸರು ಬಂದರೆ ‘ಅಭಿವ್ಯಕ್ತಿವಾದ’ ಎಂಬ ದೊಡ್ಡ ಪದವೂ ಹಿಂದೆಯೇ ಬರುತ್ತದೆ. ಹೆದರಬೇಕಿಲ್ಲ, ವಿಷಯ ಸರಳ. ಹೊರಗಿನ ಜಗತ್ತು ಹೇಗಿದೆಯೋ ಹಾಗೆ ತೋರಿಸುವುದು ಒಂದು ಬಗೆ. ಒಳಗಿನ ಭಯ, ಹುಚ್ಚು, ತಳಮಳಗಳಿಗೆ ತಕ್ಕಂತೆ ಹೊರಗಿನ ಜಗತ್ತನ್ನೇ ತಿರುಚಿ ತೋರಿಸುವುದು ಇನ್ನೊಂದು ಬಗೆ. ಕಾಲಿಗಾರಿ ಎರಡನೆಯದು. ಅಲ್ಲಿ ಮನೆಗಳು ಓರೆ, ಕಿಟಕಿಗಳು ಚೂಪು, ಬೀದಿಗಳು ಹಾವಿನಂತೆ ಡೊಂಕು. ಎಲ್ಲವೂ ಬಟ್ಟೆ, ಹಲಗೆಗಳ ಮೇಲೆ ಬಿಡಿಸಿದ ಚಿತ್ರಗಳು. ನೆರಳುಗಳನ್ನೂ ಬೆಳಕಿನಿಂದ ಬೀಳಿಸದೆ ಬಣ್ಣದಲ್ಲಿ ಬರೆದುಬಿಟ್ಟಿದ್ದಾರೆ.

ನಟನಿಗೆ ತೊಂದರೆ ಶುರುವಾಗುವುದು ಇಲ್ಲೇ. ಓರೆ ಗೋಡೆಯ ಮುಂದೆ ನೆಟ್ಟಗೆ ನಿಂತ ಮನುಷ್ಯ ಚಿತ್ರಪಟದ ಮುಂದೆ ಫೋಟೋ ತೆಗೆಸಿಕೊಳ್ಳಲು ನಿಂತವನಂತೆ ಕಾಣುತ್ತಾನೆ. ಕಾಲಿಗಾರಿಯ ಬಹುಪಾಲು ನಟರು ಹಾಗೆಯೇ ಕಾಣುತ್ತಾರೆ ಕೂಡ. ಆ ಗೋಡೆಗಳ ಜೊತೆ ಒಂದಾದವರು ಇಬ್ಬರೇ. ಕಾಲಿಗಾರಿಯಾದ ವೆರ್ನರ್ ಕ್ರೌಸ್, ಮತ್ತು ಅವನು ಪೆಟ್ಟಿಗೆಯಲ್ಲಿಟ್ಟು ಜಾತ್ರೆಯಲ್ಲಿ ಪ್ರದರ್ಶಿಸುವ ನಿದ್ರಾಚಾರಿ, ಎಂದರೆ ನಿದ್ದೆಯಲ್ಲೇ ನಡೆದಾಡುವ, ಸೆಸಾರೆಯಾದ ಫೈಟ್. ಸೆಸಾರೆಗೆ ಮೈಗಂಟಿದ ಕಪ್ಪು ಉಡುಪು, ಸುಣ್ಣದಂಥ ಬಿಳಿ ಮುಖ, ಕಣ್ಣಿನ ಕೆಳಗೆ ಚೂಪಾಗಿ ಇಳಿದ ಕಪ್ಪು ಗೆರೆ. ಪೆಟ್ಟಿಗೆ ತೆರೆದಾಗ ಅವನು ಎಚ್ಚರಗೊಳ್ಳುವುದನ್ನು ಗಮನಿಸಿ. ಮೊದಲು ಮುಖದಲ್ಲಿ ಏನೂ ಇಲ್ಲ. ಮೂಗಿನ ಹೊಳ್ಳೆಗಳ ಬಳಿ ಒಂದು ನಡುಕ, ತುಟಿಯಲ್ಲೊಂದು ಸೆಳೆತ. ಆಮೇಲೆ ರೆಪ್ಪೆಗಳು ತೆರೆಯಲು ಹೆಣಗುತ್ತವೆ, ಕೊನೆಗೆ ಕಣ್ಣುಗಳು ಬೇಕಾದದ್ದಕ್ಕಿಂತ ಹೆಚ್ಚು ಅಗಲವಾಗುತ್ತವೆ. ನಿದ್ದೆಯಿಂದ ಎದ್ದವನನ್ನು ನಾವು ದಿನವೂ ನೋಡುತ್ತೇವೆ. ಇವನು ಸಾವಿನಿಂದ ಏಳುತ್ತಿದ್ದಾನೆ, ಏಳಲು ಇಷ್ಟವೂ ಇಲ್ಲ.

ಇನ್ನೊಂದು ದೃಶ್ಯದಲ್ಲಿ ಅವನು ಗೋಡೆಗೆ ಮೈ ಒತ್ತಿಕೊಂಡು, ಒಂದು ತೋಳನ್ನು ಮೇಲಕ್ಕೆ ಚಾಚಿ ಸರಿಯುತ್ತಾ ಹೋಗುತ್ತಾನೆ. ಗೋಡೆಯೇ ಒಂದು ಮನುಷ್ಯನನ್ನು ಹೊರಹಾಕುತ್ತಿದೆಯೇನೋ ಎನಿಸುತ್ತದೆ. ಮಲಗಿದ ಹೆಣ್ಣನ್ನು ಕೊಲ್ಲಲು ಚೂರಿ ಎತ್ತುತ್ತಾನೆ, ಎತ್ತಿದ ಕೈ ಹಾಗೇ ನಿಲ್ಲುತ್ತದೆ, ಮುಖದಲ್ಲಿ ಮೊದಲ ಬಾರಿಗೆ ಏನೋ ಒಂದು ಮೃದು ಭಾವ ಹಾಯುತ್ತದೆ. ಇದೆಲ್ಲ ನಡೆಯುವುದು ಒಂದು ಮಾತೂ ಇಲ್ಲದೆ. ಮೂಕಿ ಚಿತ್ರದ ನಟನೆ ಎಂದರೆ ಕಣ್ಣು ಹೊರಳಿಸುವುದು, ಎದೆ ಬಡಿದುಕೊಳ್ಳುವುದು ಎಂದು ತಿಳಿದವರಿಗೆ ನಾನು ಯಾವಾಗಲೂ ಈ ಎರಡು ದೃಶ್ಯಗಳನ್ನು ತೋರಿಸುತ್ತೇನೆ. ಅಲ್ಲಿರುವುದು ಲೆಕ್ಕಾಚಾರ, ಮೈಯ ಪ್ರತಿ ಕೀಲಿಗೂ ಒಂದು ಕೆಲಸ.

ಮಾತಿಲ್ಲದ ಈ ಮುಖಕ್ಕೆ ಗಡಿಗಳಿರಲಿಲ್ಲ. ಜರ್ಮನಿಯಲ್ಲಿ ತೆಗೆದ ಚಿತ್ರಕ್ಕೆ ಪ್ಯಾರಿಸ್‌ನಲ್ಲಿ ಫ್ರೆಂಚ್ ಬರಹದ ಪಟ್ಟಿ, ನ್ಯೂಯಾರ್ಕ್‌ನಲ್ಲಿ ಇಂಗ್ಲಿಷ್ ಬರಹದ ಪಟ್ಟಿ ಅಂಟಿಸಿದರೆ ಮುಗಿಯಿತು, ನಟ ಅಲ್ಲಿನವನೇ ಆಗಿಬಿಡುತ್ತಿದ್ದ. ಅದೇ ದಶಕದಲ್ಲಿ ಫೈಟ್ ರಷ್ಯದ ಕ್ರೂರ ದೊರೆ ಇವಾನ್ ಆದ, ಕೊಲೆಗಾರನ ಕೈಗಳನ್ನು ತನ್ನ ತೋಳಿಗೆ ಜೋಡಿಸಿಕೊಂಡ ಪಿಯಾನೋವಾದಕ ಓರ್ಲಾಕ್ ಆದ, ಪ್ರತಿಬಿಂಬವನ್ನೇ ಮಾರಿಕೊಂಡ ಪ್ರಾಗ್‌ನ ವಿದ್ಯಾರ್ಥಿಯಾದ. 1921ರಲ್ಲಿ ‘ಭಾರತದ ಸಮಾಧಿ’ ಎಂಬ ಎರಡು ಭಾಗಗಳ ಚಿತ್ರದಲ್ಲಿ ಅಯಾನ್ ಎಂಬ ಮಹಾರಾಜನೂ ಆದ. ಆ ‘ಭಾರತ’ವನ್ನು ಕಟ್ಟಿದ್ದು ಬರ್ಲಿನ್ ಪಕ್ಕದ ವೋಲ್ಟರ್ಸ್‌ಡೋರ್ಫ್‌ನಲ್ಲಿ. ನಮ್ಮ ಕಣ್ಣಿಗೆ ಆ ಅರಮನೆ, ಆ ಯೋಗಿ ಎಲ್ಲ ನಗೆ ತರಿಸುತ್ತವೆ. ಆದರೆ ರಾಜನ ಆರಡಿ ಮೀರಿದ ಎತ್ತರ, ನಿಧಾನದ ನಡಿಗೆ, ಅವಮಾನ ನುಂಗಿಕೊಂಡ ಮುಖ ಇವು ಯಾವ ದೇಶದ್ದೂ ಅಲ್ಲ, ಎಲ್ಲ ದೇಶಕ್ಕೂ ಸಲ್ಲುತ್ತವೆ.

ಹಾಲಿವುಡ್ ಕರೆದದ್ದು 1926ರಲ್ಲಿ. ಜಾನ್ ಬ್ಯಾರಿಮೋರ್ ತನ್ನ ಚಿತ್ರಕ್ಕೆ ಫ್ರಾನ್ಸಿನ ಹನ್ನೊಂದನೆಯ ಲೂಯಿಯ ಪಾತ್ರಕ್ಕೆ ಇವನೇ ಬೇಕೆಂದ. ಅಮೆರಿಕದಲ್ಲಿ ಫೈಟ್ ಮಾಡಿದ ದೊಡ್ಡ ಕೆಲಸ 1928ರ ‘ದಿ ಮ್ಯಾನ್ ಹೂ ಲಾಫ್ಸ್’. ವಿಕ್ಟರ್ ಹ್ಯೂಗೋನ ಕಾದಂಬರಿ, ಜರ್ಮನಿಯಿಂದಲೇ ಬಂದಿದ್ದ ಪಾಲ್ ಲೇನಿಯ ನಿರ್ದೇಶನ. ದೊರೆಯ ಸೇಡಿಗೆ ಬಲಿಯಾಗಿ, ಮಗುವಾಗಿದ್ದಾಗಲೇ ಬಾಯಿಯನ್ನು ಶಾಶ್ವತ ನಗೆಯಾಗಿ ಸೀಳಿಸಿಕೊಂಡ ಗ್ವಿನ್‌ಪ್ಲೇನ್ ಎಂಬವನ ಕಥೆ. ಜಾಕ್ ಪಿಯರ್ಸ್ ಎಂಬ ಪ್ರಸಾಧನಗಾರ ಮಾಡಿಕೊಟ್ಟ ಕಟ್ಟುಹಲ್ಲಿನಲ್ಲಿ ತುಟಿಯ ಅಂಚುಗಳನ್ನು ಹಿಂದಕ್ಕೆ ಎಳೆದು ಹಿಡಿಯುವ ಕೊಕ್ಕೆಗಳಿದ್ದವು. ಎಂದರೆ ನಟನ ಮುಖದ ಕೆಳಗಿನ ಅರ್ಧ ಸತ್ತಂತೆಯೇ. ಅಳಬೇಕಾದಾಗಲೂ ಬಾಯಿ ನಗುತ್ತಿರುತ್ತದೆ. ಉಳಿದದ್ದು ಹಣೆ, ಹುಬ್ಬು, ಕಣ್ಣು. ಕುರುಡಿಯಾದ ಪ್ರಿಯತಮೆ ಅವನ ಮುಖ ಮುಟ್ಟಲು ಬಂದಾಗ ಬಾಯನ್ನು ಮರೆಮಾಡುವ ಆ ಕೈಯನ್ನು, ಮೇಲೆ ತುಂಬಿ ನಿಂತ ಆ ಕಣ್ಣುಗಳನ್ನು ನೋಡಿದವರು ಮರೆಯುವುದು ಕಷ್ಟ. 1940ರಲ್ಲಿ ಬ್ಯಾಟ್‌ಮ್ಯಾನ್ ಕಾಮಿಕ್ಸ್ ಪುಸ್ತಕಗಳಿಗೆ ಜೋಕರ್ ಎಂಬ ಖಳನನ್ನು ಸೃಷ್ಟಿಸಿದವರು ಈ ಚಿತ್ರದ ಫೈಟ್‌ನ ಫೋಟೋವನ್ನು ಎದುರಿಗಿಟ್ಟುಕೊಂಡಿದ್ದರು. ಯಾರ ಕಲ್ಪನೆ ಮೊದಲು ಎಂಬುದರ ಬಗ್ಗೆ ಅವರು ಬದುಕಿರುವವರೆಗೂ ಕಿತ್ತಾಡಿದರು, ಫೋಟೋದ ವಿಷಯದಲ್ಲಿ ಮಾತ್ರ ತಕರಾರಿರಲಿಲ್ಲ. ಇಂದು ಮುಖಕ್ಕೆ ಬಣ್ಣ ಬಳಿದುಕೊಂಡು ಜೋಕರ್ ಆಗುವ ಹುಡುಗರಿಗೆ ಅಜ್ಜ ಯಾರೆಂದು ಗೊತ್ತಿಲ್ಲ. ಆ ಅಜ್ಜನ ನಗೆಯಲ್ಲಿ ಕೇಡಿರಲಿಲ್ಲ, ಸಂಕಟವಿತ್ತು.

ಆ ಹೊತ್ತಿಗೇ ಸಿನಿಮಾ ಮಾತಾಡತೊಡಗಿತು. ಫೈಟ್‌ನ ಇಂಗ್ಲಿಷ್ ಆಗ ತೀರಾ ಹರಕುಮುರುಕು. 1929ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಜರ್ಮನಿಗೆ ಮರಳಿದ. ಅದೇ ವರ್ಷ ಅತ್ಯುತ್ತಮ ನಟನೆಂದು ಮೊಟ್ಟಮೊದಲ ಆಸ್ಕರ್ ಪಡೆದ ಎಮಿಲ್ ಯಾನಿಂಗ್ಸ್ ಕೂಡ ಅದೇ ಕಾರಣಕ್ಕೆ ಊರಿಗೆ ಹೊರಟ. ಯಾನಿಂಗ್ಸ್ ಇವನ ಹಾಗೆಯೇ ರೈನ್‌ಹಾರ್ಟ್‌ನ ಗರಡಿಯವನು. ಇವನ ಮೊದಲ ಹೆಂಡತಿ, ಹಾಡುಗಾರ್ತಿ ಗುಸ್ಸಿ ಹೋಲ್, ಇವನನ್ನು ಬಿಟ್ಟ ಮೇಲೆ ಮದುವೆಯಾದದ್ದೂ ಯಾನಿಂಗ್ಸ್‌ನನ್ನೇ. ಇಬ್ಬರ ಹೆಸರನ್ನೂ ಜೋಡಿಸಿ ಇಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಮಾತು ಬಂದಾಗ ನಿರ್ಮಾಪಕರಿಗೂ ತಲೆನೋವು. ಒಂದೇ ಚಿತ್ರವನ್ನು ಹತ್ತು ದೇಶಗಳಿಗೆ ಮಾರುವುದು ಹೇಗೆ? ಡಬ್ಬಿಂಗ್ ಇನ್ನೂ ಕೈಗೆ ಹತ್ತಿರಲಿಲ್ಲ. ಹಾಗಾಗಿ ಒಂದೇ ಸೆಟ್ಟಿನಲ್ಲಿ ಅದೇ ದೃಶ್ಯವನ್ನು ಬೇರೆ ಬೇರೆ ಭಾಷೆಗಳಲ್ಲಿ ಮತ್ತೆ ಮತ್ತೆ ತೆಗೆಯುತ್ತಿದ್ದರು. ಕಡಲ ನಡುವೆ ತೇಲುವ ವಿಮಾನ ನಿಲ್ದಾಣದ ಕಥೆಯುಳ್ಳ ‘ಎಫ್.ಪಿ.1’ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ನಾಯಕ ಜರ್ಮನ್ ಆವೃತ್ತಿಯಲ್ಲಿ ಹಾನ್ಸ್ ಆಲ್ಬರ್ಸ್, ಫ್ರೆಂಚ್ ಆವೃತ್ತಿಯಲ್ಲಿ ಶಾರ್ಲ್ ಬೊಯೇ, ಇಂಗ್ಲಿಷ್ ಆವೃತ್ತಿಯಲ್ಲಿ ಫೈಟ್! ಮೂರು ವರ್ಷದ ಹಿಂದೆ ಇಂಗ್ಲಿಷ್ ಬಾರದೆಂದು ವಾಪಸಾದವನು ಅಷ್ಟರಲ್ಲಿ ಅದನ್ನು ಪಳಗಿಸಿಕೊಂಡಿದ್ದ. ಭಾಷೆ ಬಂತು, ಧಾಟಿ ಮಾತ್ರ ಬದಲಾಗಲಿಲ್ಲ. ಕಡೆಯವರೆಗೂ ಅವನ ಇಂಗ್ಲಿಷ್‌ನಲ್ಲಿ ಬರ್ಲಿನ್ ಇತ್ತು.

1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಮಾರ್ಚ್ ತಿಂಗಳಲ್ಲಿ ಗೊಬೆಲ್ಸ್‌ನ ಪ್ರಚಾರ ಖಾತೆ ಶುರುವಾಯಿತು, ಅದೇ ತಿಂಗಳ 29ರಂದು ದೇಶದ ಅತಿ ದೊಡ್ಡ ಚಿತ್ರಸಂಸ್ಥೆ ಊಫಾ ತನ್ನ ಯಹೂದಿ ನೌಕರರನ್ನು ತೆಗೆದುಹಾಕಲು ತೀರ್ಮಾನಿಸಿತು. ಇದು ನಡೆದ ಬಗೆ ಗಮನಿಸಬೇಕಾದ್ದು. ಬೀದಿಯಲ್ಲಿ ದೊಣ್ಣೆ ಹಿಡಿದವರು ಒಂದು ಕಡೆ, ಕಚೇರಿಗಳಲ್ಲಿ ನಮೂನೆಗಳನ್ನು ಹಂಚುವವರು ಇನ್ನೊಂದು ಕಡೆ. ಆ ವರ್ಷದ ಬೇಸಿಗೆಯಲ್ಲಿ ಚಲನಚಿತ್ರ ಮಂಡಳಿಯೊಂದನ್ನು ಕಟ್ಟಿದರು. ಅದರ ಸದಸ್ಯನಲ್ಲದವನಿಗೆ ಚಿತ್ರರಂಗದಲ್ಲಿ ಕೆಲಸವಿಲ್ಲ, ಸದಸ್ಯನಾಗಬೇಕಾದರೆ ಕುಲಗೋತ್ರದ ವಿವರ ಕೊಡಬೇಕು. ಯಾರನ್ನೂ ಹೆಸರಿಟ್ಟು ಹೊರಹಾಕುವ ತೊಂದರೆಯೇ ಇಲ್ಲ, ಕಾಗದವೇ ಅವರನ್ನು ಹೊರಹಾಕುತ್ತದೆ.

ಫೈಟ್ ಯಹೂದಿಯಲ್ಲ. ಪ್ರಾಟೆಸ್ಟೆಂಟ್ ಮನೆಯವನು, ನೀಲಿ ಕಣ್ಣಿನ ಎತ್ತರದ ಆಳು, ಹೊಸ ಆಡಳಿತಕ್ಕೆ ಹೇಳಿ ಮಾಡಿಸಿದಂಥ ನಟ. ಆದರೆ ಆ ವಸಂತದಲ್ಲಿ ಅವನು ಮದುವೆಯಾದ ಲಿಲಿ ಪ್ರಾಗರ್ ಯಹೂದಿ. ಅವನಿಗೆ ಇದು ಮೂರನೆಯ ಮದುವೆ. ಕುಲ ಯಾವುದೆಂದು ಕೇಳುವ ನಮೂನೆಯೊಂದು ಕೈಗೆ ಬಂದಾಗ ಅವನು ‘ಯಹೂದಿ’ ಎಂದು ಬರೆದುಕೊಟ್ಟನೆಂದು ಅವನ ಬದುಕನ್ನು ಬರೆದವರೆಲ್ಲ ಹೇಳುತ್ತಾರೆ. ಹೆಂಡತಿಯನ್ನು ಬಿಟ್ಟು ಉಳಿಯುವ ದಾರಿ ಬೇರೆಯವರು ಹಿಡಿದಿದ್ದರು. ಇವನು ಹೆಂಡತಿಯ ಪಕ್ಕ ನಿಂತು ಅದೇ ಪದವನ್ನು ತನ್ನ ಮುಂದೆಯೂ ಬರೆದುಕೊಂಡ. ಏಪ್ರಿಲ್ ಹೊತ್ತಿಗೆ ದಂಪತಿ ಇಂಗ್ಲೆಂಡಿನಲ್ಲಿದ್ದರು.

ರೈನ್‌ಹಾರ್ಟ್ ಯಹೂದಿ, ಅವನ ರಂಗಮಂದಿರಗಳನ್ನು ಕಿತ್ತುಕೊಂಡರು, ಅವನೂ ದೇಶ ಬಿಟ್ಟ. ಲೀಬೌನ ಗೆಳತಿ ಲೂಸಿ ಮಾನ್‌ಹೈಮ್ ಇಂಗ್ಲೆಂಡಿಗೆ ಬಂದಳು. ಯಾನಿಂಗ್ಸ್ ಉಳಿದುಕೊಂಡ. ಸರ್ಕಾರ ಕೊಟ್ಟ ಬಿರುದು ಹೊತ್ತ, 1941ರಲ್ಲಿ ಬ್ರಿಟಿಷ್ ವಿರೋಧಿ ಪ್ರಚಾರ ಚಿತ್ರ ‘ಓಮ್ ಕ್ರ್ಯೂಗರ್’ನ ನಾಯಕನಾದ. ವೆರ್ನರ್ ಕ್ರೌಸ್ ಕೂಡ ಉಳಿದುಕೊಂಡ. ಕಾಲಿಗಾರಿಯೂ ಸೆಸಾರೆಯೂ ಎದುರುಬದುರಾದದ್ದು ಒಂದೇ ಕಥೆಯ ಎರಡು ಚಿತ್ರಗಳಲ್ಲಿ. ಯೋಸೆಫ್ ಸ್ಯೂಸ್ ಓಪನ್‌ಹೈಮರ್ 18ನೆಯ ಶತಮಾನದಲ್ಲಿ ವ್ಯುರ್ಟೆಂಬರ್ಗ್ ದೊರೆಯ ಹಣಕಾಸು ನೋಡಿಕೊಳ್ಳುತ್ತಿದ್ದ ಯಹೂದಿ. ದೊರೆ ಸತ್ತ ಮೇಲೆ, 1738ರಲ್ಲಿ, ಅವನನ್ನು ನೇಣಿಗೇರಿಸಿ ಹೆಣವನ್ನು ಕಬ್ಬಿಣದ ಪಂಜರದಲ್ಲಿ ನೇತುಹಾಕಿದರು. 1934ರಲ್ಲಿ ಬ್ರಿಟನ್ನಿನಲ್ಲಿ ತಯಾರಾದ ‘ಜ್ಯೂ ಸಸ್’ ಚಿತ್ರದಲ್ಲಿ ಫೈಟ್ ಈ ಪಾತ್ರವನ್ನು ಯಹೂದಿಗಳ ಸಂಕಟ ಕಾಣುವಂತೆ ಅಭಿನಯಿಸಿದ. 1940ರಲ್ಲಿ ಅದೇ ಹೆಸರಿನಲ್ಲಿ ಗೊಬೆಲ್ಸ್ ಮಾಡಿಸಿದ ಚಿತ್ರ ಅದಕ್ಕೆ ನೇರ ವಿರುದ್ಧ. ಯಹೂದಿದ್ವೇಷ ಬಿತ್ತಲೆಂದೇ ತೆಗೆದ ಆ ಚಿತ್ರವನ್ನು ನಾಜಿಗಳ ಎಸ್‌ಎಸ್ ಪಡೆಯವರೂ ಪೊಲೀಸರೂ ನೋಡಬೇಕೆಂದು ಅವರ ಮುಖ್ಯಸ್ಥ ಹಿಮ್ಲರ್ ಆದೇಶ ಹೊರಡಿಸಿದ. ಅದರಲ್ಲಿ ಹಲವು ಯಹೂದಿ ಪಾತ್ರಗಳನ್ನು ಒಬ್ಬನೇ ಮಾಡಿದ್ದು ಕ್ರೌಸ್. ಒಂದೇ ಗರಡಿಯಲ್ಲಿ ಕಲಿತ ವಿದ್ಯೆ, ಅದೇ ಮೈ ತಿರುಚುವ ಕಲೆ. ಪ್ರತಿಭೆಗೂ ಸ್ವಭಾವಕ್ಕೂ ಸಂಬಂಧವಿದೆ ಎಂದು ನಂಬುವವರು ಈ ಎರಡು ಚಿತ್ರಗಳ ನಟರ ಪಟ್ಟಿಯನ್ನು ಅಕ್ಕಪಕ್ಕ ಇಟ್ಟು ನೋಡಬೇಕು.

ಇಂಗ್ಲೆಂಡಿನ ವರ್ಷಗಳು ಫೈಟ್‌ಗೆ ಒಳ್ಳೆಯವೇ. 1939ರಲ್ಲಿ ಬ್ರಿಟಿಷ್ ಪೌರನಾದ. ಪಾತ್ರಗಳಿಗೂ ಕೊರತೆಯಿರಲಿಲ್ಲ, ಆದರೆ ನಾಲಿಗೆ ತನ್ನ ಕೆಲಸ ಮಾಡುತ್ತಿತ್ತು. ಗೂಢಚಾರ, ಜರ್ಮನ್ ಅಧಿಕಾರಿ, ಎಲ್ಲಿಂದಲೋ ಬಂದ ಅಪರಿಚಿತ. ‘ದಿ ಸ್ಪೈ ಇನ್ ಬ್ಲ್ಯಾಕ್’ನಲ್ಲಿ ಮೊದಲ ಮಹಾಯುದ್ಧದ ಜಲಾಂತರ್ಗಾಮಿಯ ಕ್ಯಾಪ್ಟನ್. ನಿರ್ದೇಶಕ ಮೈಕೆಲ್ ಪೊವೆಲ್, ಬರೆದವನು ಊಫಾದಲ್ಲಿದ್ದು ಓಡಿಬಂದ ಹಂಗೆರಿಯ ಯಹೂದಿ ಎಮೆರಿಕ್ ಪ್ರೆಸ್‌ಬರ್ಗರ್. ಶತ್ರುವಾದರೂ ಮರ್ಯಾದಸ್ಥ, ಊಟಕ್ಕೆ ಹಂಬಲಿಸುವ, ಒಂಟಿಯಾದ ಮನುಷ್ಯನನ್ನು ಅದರಲ್ಲಿ ಕಾಣುತ್ತೇವೆ. ಎರಡನೆಯ ಮಹಾಯುದ್ಧ ಹೊಸ್ತಿಲಲ್ಲಿದ್ದಾಗ ಬಂದ ಚಿತ್ರ ಎಂಬುದನ್ನು ನೆನಪಿಟ್ಟರೆ ಆಶ್ಚರ್ಯವೇ.

ನಾಲಿಗೆಯ ಊರನ್ನು ಯಾರೂ ಕೇಳದ ಒಂದು ಚಿತ್ರ ಅವನಿಗೆ ಸಿಕ್ಕಿತು, ಅಲ್ಲಿ ಅವನ ಎದುರಿಗಿದ್ದವನು ನಮ್ಮ ಕಡೆಯ ಹುಡುಗ. ಮೈಸೂರು ಸೀಮೆಯ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಸಾಬು ಮಹಾರಾಜರ ಆನೆಲಾಯದ ಮಾವುತನ ಮಗ. 1935ರಲ್ಲಿ ಆನೆಯ ಕಥೆಯ ಚಿತ್ರಕ್ಕಾಗಿ ಹುಡುಗನೊಬ್ಬನನ್ನು ಹುಡುಕಿಕೊಂಡು ಬಂದ ವಿದೇಶಿ ತಂಡದ ಕಣ್ಣಿಗೆ ಬಿದ್ದು ಲಂಡನ್ ಸೇರಿದ್ದ. ‘ದಿ ಥೀಫ್ ಆಫ್ ಬಾಗ್ದಾದ್’ ಚಿತ್ರದಲ್ಲಿ ಸಾಬು ಚಿಕ್ಕ ಕಳ್ಳ ಅಬು, ಫೈಟ್ ಮಾಂತ್ರಿಕ ಮಂತ್ರಿ ಜಾಫರ್. ಡೆನ್‌ಹ್ಯಾಮ್ ಸ್ಟುಡಿಯೋದಲ್ಲಿ ಚಿತ್ರೀಕರಣ ನಡೆಯುತ್ತಿದ್ದಾಗಲೇ ಯುದ್ಧ ಶುರುವಾಗಿ, ಉಳಿದ ಭಾಗವನ್ನು ಅಮೆರಿಕಕ್ಕೆ ಹೋಗಿ ಮುಗಿಸಿದರು.

ಕಥೆಯ ಆ ಬಾಗ್ದಾದ್ ಯಾವ ಭೂಪಟದಲ್ಲೂ ಇಲ್ಲವಾದ್ದರಿಂದ ಅಲ್ಲಿ ಕಾರಾಪುರದ ಇಂಗ್ಲಿಷೂ ನಡೆಯುತ್ತದೆ, ಬರ್ಲಿನ್ನಿನ ಇಂಗ್ಲಿಷೂ ನಡೆಯುತ್ತದೆ. ಫೈಟ್ ಇಲ್ಲಿ ಮತ್ತೆ ಮೂಕಿ ಕಾಲದ ನಟನಾಗುತ್ತಾನೆ. ಕಪ್ಪು ರುಮಾಲಿನ ಕೆಳಗೆ ಆ ನೀಲಿ ಕಣ್ಣುಗಳು, ಈ ಸಲ ಬಣ್ಣದಲ್ಲಿ. ಅವನು ಕಣ್ಣರಳಿಸಿದರೆ ರಾಜಕುಮಾರ ಕುರುಡಾಗುತ್ತಾನೆ, ಕಳ್ಳ ನಾಯಿಯಾಗುತ್ತಾನೆ. ಆದರೂ ರಾಜಕುಮಾರಿಯ ಮುಂದೆ ನಿಂತಾಗ, ಮಂತ್ರದಿಂದ ಎಲ್ಲವನ್ನೂ ಪಡೆಯಬಲ್ಲವನು ಅವಳ ಮನಸ್ಸನ್ನು ಮಾತ್ರ ಬೇಡಿಯೇ ಪಡೆಯಬೇಕೆಂಬ ಹಟದಲ್ಲಿ ಒಳಗೊಳಗೇ ಬೇಯುವುದು ಕಾಣುತ್ತದೆ. ಖಳನನ್ನು ಪ್ರೇಮಿಯಾಗಿಸಿಬಿಡುವ ಈ ಚಾಳಿ ಅವನಿಗೆ ಸೆಸಾರೆಯ ಕಾಲದಿಂದಲೂ ಇತ್ತು. ಕೊನೆಗೆ ಹಾರುವ ಯಂತ್ರದ ಕುದುರೆಯೇರಿ ಜಾಫರ್ ತಪ್ಪಿಸಿಕೊಳ್ಳುವಾಗ, ಹಾರುವ ಚಾಪೆಯ ಮೇಲೆ ನಿಂತ ನಮ್ಮ ಸಾಬು ಬಿಟ್ಟ ಬಾಣ ಅವನ ಹಣೆಗೆ ನಾಟುತ್ತದೆ. ಆ ಚಿತ್ರಕ್ಕೆ ಮೂರು ಆಸ್ಕರ್ ಬಂದವು. ಅರ್ಧ ಶತಮಾನದ ನಂತರ ಡಿಸ್ನಿಯವರು ಮಾಡಿದ ‘ಅಲ್ಲಾದ್ದೀನ್’ ಕಾರ್ಟೂನಿನ ಖಳನಿಗೂ ಜಾಫರ್ ಎಂಬುದೇ ಹೆಸರು.

1940ರಲ್ಲಿ ದಂಪತಿ ಅಮೆರಿಕಕ್ಕೆ ಹೋದರು. ಸಂಪಾದನೆಯ ದೊಡ್ಡ ಪಾಲನ್ನು ಫೈಟ್ ಬ್ರಿಟನ್ನಿನ ಯುದ್ಧನಿಧಿಗೆ ಕೊಡುತ್ತಿದ್ದ. ಹಾಲಿವುಡ್ ಆಗ ನಾಜಿ ವಿರೋಧಿ ಚಿತ್ರಗಳನ್ನು ಸಾಲುಸಾಲಾಗಿ ತೆಗೆಯುತ್ತಿತ್ತು. ನಾಜಿಗಳ ಪಾತ್ರ ಯಾರು ಮಾಡಬೇಕು? ಅಮೆರಿಕದ ನಟರು ಜರ್ಮನ್ ಧಾಟಿಯಲ್ಲಿ ಮಾತಾಡಿದರೆ ಅಣಕದಂತೆ ಕೇಳುತ್ತದೆ. ನಿಜವಾದ ಧಾಟಿ ಇದ್ದದ್ದು ನಾಜಿಗಳಿಂದ ಓಡಿಬಂದವರ ಬಾಯಲ್ಲಿ. ಹೀಗೆ ಬರ್ಲಿನ್, ವಿಯೆನ್ನಾಗಳಲ್ಲಿ ಹೊಟ್ಟೆಪಾಡು ಕಳೆದುಕೊಂಡವರಿಗೆ ತಮ್ಮನ್ನು ಓಡಿಸಿದವರ ಸಮವಸ್ತ್ರ ತೊಡುವುದೇ ಹೊಟ್ಟೆಪಾಡಾಯಿತು. ಫೈಟ್ ಇದಕ್ಕೆ ಒಪ್ಪಿದ್ದು ಕಣ್ತೆರೆದೇ. ನಾಜಿಯ ಪಾತ್ರ ಮಾಡುವುದಾದರೆ ಅದು ಖಳನದೇ ಆಗಿರಬೇಕೆಂದು ಪಟ್ಟು ಹಿಡಿಯುತ್ತಿದ್ದನೆಂದು ಹೇಳುತ್ತಾರೆ.

1942ರಲ್ಲಿ ಬಂದ ‘ನಾಜಿ ಏಜೆಂಟ್’ ಅಷ್ಟೇನೂ ದೊಡ್ಡ ಚಿತ್ರವಲ್ಲ, ಆದರೆ ನನಗೆ ಅದು ಅವನ ಸ್ಥಿತಿಯ ರೂಪಕದಂತೆ ಕಾಣುತ್ತದೆ. ಅದರಲ್ಲಿ 2 ಪಾತ್ರಗಳು, ಅವಳಿ ಸೋದರರು. ಒಬ್ಬ ಅಮೆರಿಕದಲ್ಲಿ ನೆಲೆಸಿ ಸಣ್ಣ ಅಂಗಡಿ ಇಟ್ಟುಕೊಂಡ ಸಾಧು ಮನುಷ್ಯ, ಇನ್ನೊಬ್ಬ ನಾಜಿ ರಾಜತಾಂತ್ರಿಕ. ಸಾಧು ತನ್ನ ಗಡ್ಡ ಬೋಳಿಸಿಕೊಂಡು ಸೋದರನ ಜಾಗದಲ್ಲಿ ಹೋಗಿ ಕೂರುತ್ತಾನೆ. ಮುಖ ಒಂದೇ, ಧಾಟಿಯೂ ಒಂದೇ. ಫೈಟ್ ಅವರಿಬ್ಬರನ್ನು ಬೇರೆ ಮಾಡುವುದು ಭುಜಗಳಿಂದ. ಒಬ್ಬನವು ಇಳಿಬಿದ್ದಿವೆ, ಇನ್ನೊಬ್ಬನವು ಸೆಟೆದಿವೆ.

ಅದೇ ವರ್ಷದ ಕೊನೆಗೆ ‘ಕಾಸಾಬ್ಲಾಂಕಾ’. ವಾರಕ್ಕೆ 5,000 ಡಾಲರ್ ಸಂಭಾವನೆ, ನಾಯಕ ಹಂಫ್ರಿ ಬೋಗಾರ್ಟ್‌ನ ವಾರದ ಸಂಬಳಕ್ಕಿಂತ ಹೆಚ್ಚು. ಸ್ಟ್ರಾಸರ್ ಅರಚುವುದಿಲ್ಲ, ಮೇಜು ಗುದ್ದುವುದಿಲ್ಲ. ನಯವಾಗಿ ನಗುತ್ತಾನೆ, ಎದುರಿನವರನ್ನು ಕೂರಲು ಹೇಳುತ್ತಾನೆ, ಕಡತದಲ್ಲಿ ಬರೆದಿರುವುದನ್ನು ತಣ್ಣಗೆ ಒಪ್ಪಿಸುತ್ತಾನೆ. ನಮೂನೆಗಳ ಮೂಲಕ ಜನರನ್ನು ಹೊರಹಾಕಿದ ಆಡಳಿತದ ಮುಖ ಹೀಗೇ ಇದ್ದಿರಬೇಕು. ಅದನ್ನು ಫೈಟ್ ಮೇಜಿನ ಈಚೆ ಬದಿಯಲ್ಲಿ ನಿಂತು ನೋಡಿದ್ದ.

1943ರ ಏಪ್ರಿಲ್ 3ರಂದು ಲಾಸ್ ಏಂಜಲೀಸ್‌ನ ರಿವಿಯೆರಾ ಕ್ಲಬ್ಬಿನಲ್ಲಿ ಗಾಲ್ಫ್ ಆಡುತ್ತಿದ್ದಾಗ ಹೃದಯಾಘಾತವಾಗಿ ಕುಸಿದುಬಿದ್ದು ತೀರಿಕೊಂಡ. ವಯಸ್ಸು 50. ‘ಕಾಸಾಬ್ಲಾಂಕಾ’ಕ್ಕೆ ಅತ್ಯುತ್ತಮ ಚಿತ್ರವೆಂಬ ಆಸ್ಕರ್ ಬಂದದ್ದು ಮರುವರ್ಷ. ಅವನ ಮತ್ತು ಲಿಲಿಯ ಚಿತಾಭಸ್ಮ 1998ರಲ್ಲಿ ಲಂಡನ್ನಿನ ಗೋಲ್ಡರ್ಸ್ ಗ್ರೀನ್ ಚಿತಾಗಾರ ತಲುಪಿತು.

ತೀರಿಕೊಳ್ಳುವ ಮೊದಲು ಅವನು ಮುಗಿಸಿಟ್ಟಿದ್ದ ಇನ್ನೊಂದು ಚಿತ್ರ ತಿಂಗಳುಗಳ ನಂತರ ತೆರೆಗೆ ಬಂತು. ಹೆಸರು ‘ಅಬವ್ ಸಸ್ಪಿಷನ್’. ಹೊಸದಾಗಿ ಮದುವೆಯಾದ ಜೋಡಿಯೊಂದು ಯುದ್ಧದ ಮುನ್ನಾದಿನಗಳ ಜರ್ಮನಿಯಲ್ಲಿ ಗೂಢಚರ್ಯೆಗೆ ಇಳಿಯುವ ಕಥೆ. ಅದರಲ್ಲಿ ಎತ್ತರದ, ಚೆಲುವಾಗಿ ಉಡುಪು ತೊಟ್ಟ ಒಬ್ಬ ಆಗಾಗ ಎದುರಾಗುತ್ತಾನೆ. ಬಾಯಿ ತೆರೆದರೆ ಅದೇ ಬರ್ಲಿನ್ ಧಾಟಿ. ಇವನೇ ನಾಜಿ ಎಂದು ಆ ಜೋಡಿಯ ಹಾಗೆಯೇ ಪ್ರೇಕ್ಷಕರೂ ಗಟ್ಟಿ ಮಾಡಿಕೊಳ್ಳುತ್ತಾರೆ, ಅವನ ಪ್ರತಿ ನಗೆಯನ್ನೂ ಅನುಮಾನಿಸುತ್ತಾರೆ. ಅವನು ಆಸ್ಟ್ರಿಯಾದ ಕೌಂಟ್ ಒಬ್ಬ, ನಾಜಿಗಳ ವಿರುದ್ಧ ಇವರಿಗೆ ನೆರವಾಗಲು ಬಂದವನು.